ಮನೆ ಕಟ್ಟಿ ನೋಡು, ಶಾಲೆ ಹುಡುಕಿ ನೋಡು

ಕ್ಯಾಲಿಫೋರ್ನಿಯಾದ ಲಾಸ್ ಆಲ್ಟೋಸ್‌ನಲ್ಲಿ ಕ್ರಿಸ್ಟ್ ಡ್ರೈವ್ ಎಂಬ ಬೀದಿಯಿದೆ. ಅಲ್ಲೊಂದು ಒಂದೇ ಅಂತಸ್ತಿನ ಸಾದಾ ಮನೆ. ಅದರ ಗ್ಯಾರೇಜಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದು ಆ ಸೀಮೆಯ ತೀರ್ಥಯಾತ್ರೆಯ ಒಂದು ವಿಧಿ. ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಹೋದ ಅಮ್ಮಂದಿರಿಗೂ ಗೋಲ್ಡನ್ ಗೇಟ್ ಸೇತುವೆ, ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನ, ಆಮೇಲೆ ಈ ಗ್ಯಾರೇಜು, ಹೀಗೆ ದರ್ಶನದ ಕ್ರಮ ನಿಗದಿಯಾಗಿರುತ್ತದೆ. ಆಪಲ್ ಕಂಪನಿಯ ಬಾಲ್ಯ ಕಳೆದದ್ದು ಇಲ್ಲಿ. 2013ರಲ್ಲಿ ಊರಿನ ಇತಿಹಾಸ ಆಯೋಗ ಇದನ್ನು ಚಾರಿತ್ರಿಕ ಮನೆಗಳ ಪಟ್ಟಿಗೂ ಸೇರಿಸಿತು.

ಗ್ಯಾರೇಜಿನ ಮಹಿಮೆ ಎಲ್ಲರಿಗೂ ಗೊತ್ತು. ಆ ಮನೆಯನ್ನು ಕೊಂಡದ್ದು ಯಾಕೆಂದು ಕೇಳುವವರು ಕಡಿಮೆ. ವಾಲ್ಟರ್ ಐಸಾಕ್ಸನ್ 2011ರಲ್ಲಿ ಬರೆದ ಜೀವನಚರಿತ್ರೆಯಲ್ಲಿ ಅದರ ಕಥೆ ಇದೆ. ಏಳನೇ ತರಗತಿಯ ಸ್ಟೀವ್ ಜಾಬ್ಸ್ ಮೌಂಟನ್ ವ್ಯೂನ ಶಾಲೆಯಲ್ಲಿ ಪುಂಡ ಹುಡುಗರ ಕಾಟ ತಾಳಲಾರದೆ ಹಠ ಹಿಡಿದ: ಇನ್ನು ಆ ಶಾಲೆಗೆ ಕಾಲಿಡುವುದಿಲ್ಲ. ತಂದೆ ಪಾಲ್ ಯಂತ್ರಗಳ ನಡುವೆ ದುಡಿಯುವ ಕೆಲಸಗಾರ. ಕಾಸಿಗೆ ಕಾಸು ಗಂಟು ಹಾಕುವ ಸಂಸಾರ. ಆದರೂ ಇದ್ದಬದ್ದ ಉಳಿತಾಯವನ್ನೆಲ್ಲ ಬಳಿದು 21,000 ಡಾಲರಿಗೆ ಈ ಮನೆ ಕೊಂಡರು. ಹಿಂದೆ ಏಪ್ರಿಕಾಟ್ ತೋಟವಾಗಿದ್ದ ಜಾಗ. ಮನೆಯ ಮುಖ್ಯ ಗುಣ ಒಂದೇ: ಒಳ್ಳೆಯ ಹೆಸರಿದ್ದ ಕ್ಯುಪರ್ಟಿನೋ ಶಾಲಾ ಜಿಲ್ಲೆಯ ಗೆರೆಯೊಳಗೆ ಅದು ಹೇಗೋ ನುಸುಳಿಕೊಂಡಿತ್ತು. ಹುಡುಗ ಹೋಮ್‌ಸ್ಟೆಡ್ ಹೈಸ್ಕೂಲಿಗೆ ಸೇರಿದ. ಅದೇ ಹೈಸ್ಕೂಲಿನಲ್ಲಿ ಕೆಲವು ವರ್ಷ ಮೊದಲು ಓದಿ ಹೋಗಿದ್ದ ಸ್ಟೀವ್ ವೋಜ್ನಿಯಾಕ್‌ನ ಪರಿಚಯವಾಯಿತು. ಮುಂದಿನದು ಎಲ್ಲರ ಜೇಬಿನಲ್ಲೂ ಇದೆ, ಅಥವಾ ಜೇಬಿಗೆ ನಿಲುಕದೆ ಅಂಗಡಿಯ ಗಾಜಿನ ಹಿಂದೆ ಇದೆ.

ಈಗ ಅದೇ ಗೆರೆಯ ಬೆನ್ನು ಹತ್ತಿರುವವರಲ್ಲಿ ಕನ್ನಡಿಗರೂ ಸಾಕಷ್ಟಿದ್ದಾರೆ. ಅಮೆರಿಕದ ಸರ್ಕಾರಿ ಶಾಲೆಗೆ ಫೀ ಇಲ್ಲ, ಡೊನೇಷನ್ ಇಲ್ಲ, ಅಪ್ಪ-ಅಮ್ಮನಿಗೆ ಇಂಟರ್‌ವ್ಯೂ ಇಲ್ಲ. ಇಂಥ ವಿಳಾಸದ ಮಗು ಇಂಥ ಶಾಲೆಗೆ, ಅಷ್ಟೇ. ಕೇಳಲು ರಾಮರಾಜ್ಯ. ಆದರೆ ಆ ವಿಳಾಸವನ್ನು ಕೊಂಡುಕೊಳ್ಳಬೇಕಲ್ಲ! ಪುಕ್ಕಟೆ ಶಾಲೆಯ ಫೀ ಪೂರ್ತಿಯಾಗಿ ಮನೆಯ ಬೆಲೆಯೊಳಗೆ ಅಡಗಿ ಕೂತಿರುತ್ತದೆ. ಮೂವತ್ತು ವರ್ಷದ ಸಾಲವಾಗಿ, ಬಡ್ಡಿ ಸಮೇತ.

ಮನೆ ಹುಡುಕುವ ದಂಪತಿ ಮೊದಲು ನೋಡುವುದು ಅಡುಗೆಮನೆಯನ್ನಲ್ಲ, ಅಂಕಿಯನ್ನು. 1998ರಲ್ಲಿ ಶುರುವಾದ ಗ್ರೇಟ್‌ಸ್ಕೂಲ್ಸ್ ಎಂಬ ಸಂಸ್ಥೆ ಪ್ರತಿ ಶಾಲೆಗೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಮನೆ ಮಾರುವ ತಾಣಗಳು ಅದನ್ನು ಪ್ರತಿ ಮನೆಯ ಫೋಟೊದ ಕೆಳಗೆ ಅಂಟಿಸುತ್ತವೆ. ‘ಅಂಕವೇ ಎಲ್ಲ ಅಲ್ಲ, ಮಗು ಖುಷಿಯಾಗಿರಬೇಕು’ ಎಂದು ಊರಿನ ಅಣ್ಣನಿಗೆ ಫೋನಿನಲ್ಲಿ ಉಪದೇಶ ಮಾಡುವ ತಮ್ಮನೇ, ಎಂಟು ಅಂಕದ ಶಾಲೆಯ ಮುಂದೆ ಕಾರು ನಿಲ್ಲಿಸದೆ ಮುಂದೆ ಹೋಗುತ್ತಾನೆ. ಒಂಬತ್ತಾದರೆ ಯೋಚಿಸಬಹುದು, ಗೇಟಿನ ಒಳಗೆ ಇಣುಕಬಹುದು. ಹತ್ತಾದರೆ ಮನೆಯ ಸೂರು ಸೋರಿದರೂ ಚಿಂತೆಯಿಲ್ಲ.

ವಾಸ್ತು ಅಡ್ಡ ಬರುವುದು ಇಲ್ಲೇ. ಹತ್ತಕ್ಕೆ ಹತ್ತರ ಶಾಲೆಯಿರುವ ಬೀದಿಯಲ್ಲಿ ಮಾರಾಟಕ್ಕಿರುವುದು ಒಂದೇ ಮನೆ, ಅದರ ಬಾಗಿಲೋ ದಕ್ಷಿಣಕ್ಕೆ. ವಿಡಿಯೊ ಕರೆಯಲ್ಲಿ ಅತ್ತೆಯವರು, ‘ದಕ್ಷಿಣದ ಬಾಗಿಲು ಬೇಡಪ್ಪಾ, ಯಮನ ದಿಕ್ಕು’ ಎನ್ನುತ್ತಾರೆ. ‘ಅತ್ತೆ, ಹೈಸ್ಕೂಲು ಇಡೀ ರಾಜ್ಯಕ್ಕೇ ಹೆಸರುವಾಸಿ’ ಎಂದು ಅಳಿಯ. ಅತ್ತ ಕಡೆ ಒಂದು ಗಳಿಗೆ ಮೌನ. ಆಮೇಲೆ, ‘ಅಲ್ಲಿ ನೀವೆಲ್ಲ ಹೇಗೂ ಗ್ಯಾರೇಜಿನಿಂದಲೇ ಒಳಗೆ ಬರೋದಲ್ವಾ? ಅದು ಯಾವ ದಿಕ್ಕಿಗಿದೆ?’ ಪೂರ್ವಕ್ಕಿದೆ. ಶಾಸ್ತ್ರವೂ ಉಳಿಯಿತು, ಸೀಟೂ ಸಿಕ್ಕಿತು.

ಹೆಸರುಗಳ ಗೋಜಲು ಬೇರೆ. ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಜಿಲ್ಲೆ ಇರುವುದು ಫ್ರೀಮಾಂಟ್ ಊರಿನಲ್ಲಲ್ಲ. ಫ್ರೀಮಾಂಟ್ ಹೈಸ್ಕೂಲು ಇರುವುದು ಸನಿವೇಲ್‌ನಲ್ಲಿ. ಫ್ರೀಮಾಂಟ್ ಊರಿಗೆ ಫ್ರೀಮಾಂಟ್ ಯೂನಿಫೈಡ್ ಎಂಬ ಬೇರೆಯೇ ಜಿಲ್ಲೆ, ಕೊಲ್ಲಿಯ ಆಚೆ ದಡದಲ್ಲಿ. ಕ್ಯುಪರ್ಟಿನೋ ಶಾಲಾ ಜಿಲ್ಲೆಯೊಳಗೆ ಸ್ಯಾನ್ ಹೋಸೆಯ ಒಂದಷ್ಟು ಬೀದಿಗಳಿವೆ. ಲಿನ್‌ಬ್ರೂಕ್ ಎಂಬ ಹೆಸರಾಂತ ಹೈಸ್ಕೂಲು ಇರುವುದೂ ಸ್ಯಾನ್ ಹೋಸೆಯಲ್ಲೇ. ಅಂದರೆ ಊರು ಒಂದು, ಶಾಲಾ ಜಿಲ್ಲೆ ಇನ್ನೊಂದು. ಹಳೇ ಮೈಸೂರು ಸೀಮೆಯ ಜಮೀನಿನ ಪೋಡಿ ವ್ಯವಹಾರ ಕಂಡವರಿಗೆ ಮಾತ್ರ ಇದು ಸರಾಗ ಅರ್ಥವಾದೀತು.

ಏಜೆಂಟರನ್ನು ಕೇಳೋಣವೆಂದರೆ ಅವರ ಬಾಯಿ ಅರ್ಧ ಮುಚ್ಚಿರುತ್ತದೆ. ಜನಾಂಗ ನೋಡಿ ಗಿರಾಕಿಗಳನ್ನು ಇಂಥ ಬಡಾವಣೆಗೆ ಎಂದು ಸಾಗಹಾಕುವುದನ್ನು ತಡೆಯಲು 1968ರಲ್ಲಿ ಬಂದ ವಸತಿ ಕಾನೂನಿದೆ. ‘ಒಳ್ಳೆಯ ಶಾಲೆ’ ಎಂಬ ಮಾತೂ ಅಂಥ ಸಾಗಹಾಕುವಿಕೆಯ ಸಂಕೇತವಾದೀತೆಂಬ ಅಂಜಿಕೆಯಿಂದ ಜಾಣ ಏಜೆಂಟರು ‘ನೀವೇ ನೋಡಿಕೊಳ್ಳಿ’ ಎಂದು ಅಂಕಿಗಳತ್ತ ಕೈ ತೋರಿಸುತ್ತಾರೆ. ಆ ಅಂಕಿಗಳಾದರೂ ಏನನ್ನು ಅಳೆಯುತ್ತವೆ? ಶಾಲೆಯ ಪಾಠಕ್ಕಿಂತ ಹೆಚ್ಚಾಗಿ ಅಪ್ಪ-ಅಮ್ಮಂದಿರ ವರಮಾನವನ್ನು ಎಂಬ ಟೀಕೆ ಹಳೆಯದು. ಮಕ್ಕಳು ವರ್ಷದಿಂದ ವರ್ಷಕ್ಕೆ ಎಷ್ಟು ಮುಂದೆ ಬಂದರೆಂಬುದಕ್ಕೂ ತೂಕ ಕೊಡಲು ಗ್ರೇಟ್‌ಸ್ಕೂಲ್ಸ್ ತನ್ನ ಲೆಕ್ಕವನ್ನು ತಿದ್ದಿಕೊಂಡಿದೆ. ಮನೆ ಕೊಳ್ಳುವವರು ಆ ವಿವರಣೆಯನ್ನು ಓದುವಷ್ಟು ಹೊತ್ತು ಕೂತಿರುವುದಿಲ್ಲ. ಅಷ್ಟರಲ್ಲಿ ಬೇರೆಯವರು ಬೆಲೆ ಏರಿಸಿಬಿಡುತ್ತಾರೆ.

ಇದನ್ನೆಲ್ಲ ಹರಟೆಯೆಂದು ತಳ್ಳಿಹಾಕುವಂತಿಲ್ಲ. ಅರ್ಥಶಾಸ್ತ್ರಜ್ಞರು ಟೇಪು ಹಿಡಿದು ಅಳೆದಿದ್ದಾರೆ. ಸ್ಯಾಂಡ್ರಾ ಬ್ಲ್ಯಾಕ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಸ್ಟನ್ ಸುತ್ತಲಿನ ಊರುಗಳಲ್ಲಿ ಶಾಲೆಯ ಗೆರೆಯ ಎರಡೂ ಬದಿಯ ಮನೆಗಳನ್ನು ಹೋಲಿಸಿದರು. ನೆರೆಹೊರೆ ಒಂದೇ, ಪಾರ್ಕು ಒಂದೇ, ಶಾಲೆ ಮಾತ್ರ ಬೇರೆ. ಪರೀಕ್ಷೆಯ ಅಂಕ ಶೇಕಡಾ 5ರಷ್ಟು ಹೆಚ್ಚಿದ್ದ ಕಡೆ ಜನ ಮನೆಗೆ ಸುಮಾರು ಶೇಕಡಾ 2.5ರಷ್ಟು ಹೆಚ್ಚು ಕೊಡುತ್ತಿದ್ದರು.

ಕ್ಯುಪರ್ಟಿನೋದಲ್ಲಿ ಈ ಓಟಕ್ಕೊಂದು ತಮಾಷೆಯ ತಿರುವು ಸಿಕ್ಕಿತು. 1978ರಲ್ಲಿ ಮತದಾರರು ಒಪ್ಪಿದ ‘ಪ್ರೊಪೊಸಿಷನ್ 13’ರ ಪ್ರಕಾರ ಕ್ಯಾಲಿಫೋರ್ನಿಯಾದಲ್ಲಿ ಮನೆ ತೆರಿಗೆಯ ಲೆಕ್ಕ ಕೊಂಡಾಗಿನ ಬೆಲೆಯ ಮೇಲೆ, ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಆ ಬೆಲೆಯನ್ನು ಏರಿಸುವಂತಿಲ್ಲ. ಹಿಂದೆ ಅಗ್ಗಕ್ಕೆ ಕೊಂಡವರ ತೆರಿಗೆ ಇಂದಿಗೂ ಅಗ್ಗ. ಮಕ್ಕಳು ಓದಿ ನ್ಯೂಯಾರ್ಕಿಗೋ ಸಿಯಾಟಲ್‌ಗೋ ಹಾರಿಹೋದ ಮೇಲೂ ಅಪ್ಪ-ಅಮ್ಮ ನಾಲ್ಕು ಕೋಣೆಯ ಮನೆಯಲ್ಲಿ ಕರಿಬೇವಿನ ಕುಂಡಕ್ಕೆ ನೀರು ಹಾಕಿಕೊಂಡು ಕೂತರು. ಬಿಟ್ಟು ಹೋದರೆ ನಷ್ಟ. ಎಳೆ ಮಕ್ಕಳಿರುವ ಹೊಸ ಸಂಸಾರಗಳಿಗೋ ಆಪಲ್ಲೇ ಏರಿಸಿಟ್ಟ ಬೆಲೆ ಕೈಗೆಟುಕದು. ಶಾಲೆಗಾಗಿ ಎಲ್ಲರೂ ಮುಗಿಬಿದ್ದು ಕೊಂಡ ಊರಿನಲ್ಲಿ ಶಾಲೆಗೆ ಮಕ್ಕಳೇ ಸಾಲದಾದರು! 2021ರಲ್ಲಿ ಶಾಲಾ ಮಂಡಳಿ ಎರಡು ಪ್ರಾಥಮಿಕ ಶಾಲೆಗಳನ್ನು ಮುಚ್ಚಲು ಮತ ಹಾಕಿತು. ಮರುವರ್ಷ ರೆಗ್ನಾರ್ಟ್, ಮೇಯರ್‌ಹೋಲ್ಜ್ ಶಾಲೆಗಳಿಗೆ ಬೀಗ ಬಿತ್ತು. ಹತ್ತಕ್ಕೆ ಹತ್ತರ ಆಸೆಗೆ ಬಿದ್ದವರ ಎದೆ ಹೇಗೆ ಹೊಡೆದುಕೊಂಡಿರಬೇಡ.

ಹಣವಿಲ್ಲದವರು ಗೆರೆ ದಾಟುವ ದಾರಿಯೆಂದರೆ ನೆಂಟರ ವಿಳಾಸ. ನಮ್ಮಲ್ಲಿ ಅದು ಲೋಕರೂಢಿ, ಅಲ್ಲಿ ಅಪರಾಧ. ಓಹಾಯೊದ ಆಕ್ರನ್ ನಗರದ ಒಬ್ಬ ತಾಯಿ ತನ್ನ ತಂದೆಯ ವಿಳಾಸ ಕೊಟ್ಟು ಹೆಣ್ಣುಮಕ್ಕಳನ್ನು ಪಕ್ಕದ ಜಿಲ್ಲೆಯ ಶಾಲೆಗೆ ಕಳಿಸಿದ್ದಕ್ಕೆ 2011ರಲ್ಲಿ ಒಂಬತ್ತು ದಿನ ಜೈಲಿನಲ್ಲಿದ್ದಳು. ಅಜ್ಜನ ಮನೆಯಿಂದ ಶಾಲೆಗೆ ಹೋದ ಅರ್ಧ ಕರ್ನಾಟಕವನ್ನು ಈ ಲೆಕ್ಕದಲ್ಲಿ ಒಳಗೆ ಹಾಕಬೇಕಾಗುತ್ತದೆ. ಆಮೇಲೆ ಓಹಾಯೊದ ರಾಜ್ಯಪಾಲರೇ ಆಕೆಯ ಅಪರಾಧದ ದರ್ಜೆಯನ್ನು ತಗ್ಗಿಸಿದರು.

ಇಂಗ್ಲೆಂಡಿನವರು ಇನ್ನೂ ಶಿಸ್ತಿನವರು. ಅಲ್ಲಿ ಹೆಸರಿರುವ ಶಾಲೆಗಳು ಗೇಟಿನಿಂದ ಮನೆಗೆ ನೇರ ಗೆರೆ ಎಳೆದು ಮೀಟರಿನಲ್ಲಿ ದೂರ ಅಳೆಯುತ್ತವೆ. 2008ರಲ್ಲಿ ಪೂಲ್ ಎಂಬ ಕಡಲೂರಿನ ನಗರಸಭೆಗೆ ಒಂದು ಸಂಸಾರದ ಮೇಲೆ ಗುಮಾನಿ ಬಂತು: ಮೂರು ವರ್ಷದ ಮಗುವಿನ ಶಾಲೆಗೆ ಕೊಟ್ಟ ವಿಳಾಸದಲ್ಲಿ ಇವರು ನಿಜಕ್ಕೂ ವಾಸವಿದ್ದಾರೆಯೆ? ಘೋರ ಅಪರಾಧಗಳ ತನಿಖೆಗೆಂದು ಜನ ನಂಬಿದ್ದ ಬೇಹುಗಾರಿಕೆ ಕಾನೂನನ್ನು ಹಿರಿದು, ಸುಮಾರು ಮೂರು ವಾರ ಗುಟ್ಟಾಗಿ ಹಿಂದೆ ಬಿದ್ದರು. ತಾಯಿ ಎಷ್ಟು ಹೊತ್ತಿಗೆ ಹೊರಟಳು, ಮಕ್ಕಳು ಕಾರಿನಲ್ಲಿ ಕೂತರೋ ಇಲ್ಲವೋ, ಎಲ್ಲವೂ ದಾಖಲಾಯಿತು. ಹಾಲು ತರಲು ಹೋದದ್ದೂ, ಬಹುಶಃ. ಕೊನೆಗೆ ಸಂಸಾರ ಹೇಳಿದ್ದು ಸರಿಯೆಂದಾಯಿತು. 2010ರಲ್ಲಿ ನ್ಯಾಯಮಂಡಳಿ ಆ ಬೇಹುಗಾರಿಕೆಯೇ ಕಾನೂನುಬಾಹಿರವೆಂದು ತೀರ್ಪು ಕೊಟ್ಟಿತು.

ಈ ರೋಗದ ಮೊದಲ ರೋಗಿ ಯಾರೆಂದು ಕೇಳಿದರೆ ಚೀನೀಯರು ತತ್ವಜ್ಞಾನಿ ಮೆನ್‌ಷಿಯಸ್‌ನ ತಾಯಿಯನ್ನು ಹೆಮ್ಮೆಯಿಂದ ಮುಂದೆ ಮಾಡುತ್ತಾರೆ. ಮನೆ ಸ್ಮಶಾನದ ಬಳಿ ಇದ್ದಾಗ ಹುಡುಗ ಹೆಣ ಹೂಳುವ ಆಟ ಆಡಿದ. ಸಂತೆಯ ಬಳಿಗೆ ಹೋದಾಗ ವ್ಯಾಪಾರದ ಚೌಕಾಸಿ ಕಲಿತ. ಶಾಲೆಯ ಪಕ್ಕಕ್ಕೆ ಬಂದ ಮೇಲೆ ಮರ್ಯಾದೆಯಾಗಿ ಕೈಮುಗಿಯತೊಡಗಿದ. ಮೂರು ಕಡೆ ಮನೆ ಮಾಡಿದ ಆ ತಾಯಿ ಈಗಿನ ಬೀಜಿಂಗಿನಲ್ಲಿದ್ದಿದ್ದರೆ ಸಂತೆಯಲ್ಲೇ ಉಳಿಯಬೇಕಾಗುತ್ತಿತ್ತು. 2016ರಲ್ಲಿ ಅಲ್ಲಿನ ಶಿಚೆಂಗ್ ಪ್ರದೇಶದಲ್ಲಿ ಹೆಸರಾಂತ ಶಾಲೆಯ ಪಕ್ಕದ 11.4 ಚದರ ಮೀಟರಿನ ಕೋಣೆಗೆ 53 ಲಕ್ಷ ಯುವಾನ್ ಬೆಲೆ ಕಟ್ಟಿದ್ದು ದೊಡ್ಡ ಸುದ್ದಿಯಾಯಿತು. ನಮ್ಮ ಲೆಕ್ಕದಲ್ಲಿ ಹತ್ತಡಿ ಹನ್ನೆರಡಡಿ. ಮಂಚ ಹಾಕಿದರೆ ಮೇಜಿಲ್ಲ, ಮೇಜು ಹಾಕಿದರೆ ಮಗುವಿಲ್ಲ. 2020ರ ಜುಲೈ ಮುಗಿದ ಮೇಲೆ ಶಿಚೆಂಗ್‌ನಲ್ಲಿ ಕೊಂಡ ಮನೆಗೆ ಇಂಥದೇ ಶಾಲೆಯೆಂಬ ಖಾತರಿಯಿಲ್ಲ ಎಂದು ನಿಯಮ ಬದಲಾಯಿತು. ಸೋಲ್‌ನಲ್ಲಿ ಸರ್ಕಾರ ಇದನ್ನೇ ತಿರುಗಿಸಿ ಬಳಸಿಕೊಂಡಿತ್ತು: ಹಾನ್ ನದಿಯಾಚೆಯ ಗಂಗ್ನಮ್‌ಗೆ ಜನರನ್ನು ಸೆಳೆಯಬೇಕಾಗಿದ್ದ ಕಾಲದಲ್ಲಿ, 1976ರಲ್ಲಿ, ಪ್ರತಿಷ್ಠಿತ ಕ್ಯೊಂಗಿ ಹೈಸ್ಕೂಲನ್ನೇ ಆಚೆ ದಡಕ್ಕೆ ಸಾಗಿಸಿತು. ಜನ ಹಿಂದೆಯೇ ಹೋದರು.

ದೆಹಲಿಯಲ್ಲಿ 2013ರ ಕೊನೆಗೆ ನರ್ಸರಿ ಪ್ರವೇಶಕ್ಕೆ ನೂರು ಅಂಕದ ಪದ್ಧತಿ ಬಂತು. ಶಾಲೆಯಿಂದ 8 ಕಿಲೋಮೀಟರ್ ಒಳಗೆ ಮನೆಯಿದ್ದರೆ 70 ಅಂಕ, ಅಣ್ಣನೋ ಅಕ್ಕನೋ ಅಲ್ಲೇ ಓದುತ್ತಿದ್ದರೆ 20. ಮಗು ಹುಟ್ಟುವ ಮೊದಲೇ ಡಿಸ್ಟಿಂಕ್ಷನ್! ಮರುವರ್ಷ ಹೈಕೋರ್ಟು ಅದನ್ನು ರದ್ದು ಮಾಡಿತು. ಇರ್ಫಾನ್ ಖಾನ್ ನಟಿಸಿದ 2017ರ ‘ಹಿಂದಿ ಮೀಡಿಯಂ’ ಚಿತ್ರದಲ್ಲಿ ಚಾಂದನಿ ಚೌಕದ ಸಂಸಾರವೊಂದು ಶಾಲೆಗಾಗಿ ಮೊದಲು ಸಿರಿವಂತರ ಬಡಾವಣೆಗೆ, ಆಮೇಲೆ ಬಡವರ ಕೇರಿಗೆ ಗಂಟುಮೂಟೆ ಕಟ್ಟುತ್ತದೆ. ನೋಡಿ ನಕ್ಕವರಲ್ಲಿ ಎಷ್ಟು ಜನ ಬಾಡಿಗೆ ಕರಾರಿಗೆ ಸ್ಟಾಂಪ್ ಪೇಪರು ತರಲು ನೇರ ಹೋದರೋ.

ಬೆಂಗಳೂರಿಗೂ ಆ ಕರಾರಿನ ಕಾಲವೊಂದಿತ್ತು. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯ ಶೇಕಡಾ 25 ಸೀಟುಗಳು ನೆರೆಹೊರೆಯ ಮಕ್ಕಳಿಗೆ; ನಗರದಲ್ಲಿ ನೆರೆಹೊರೆಯೆಂದರೆ ವಾರ್ಡು. ತಮ್ಮ ಕಾರ್ಪೊರೇಟರ್ ಯಾರೆಂದು ತಿಳಿಯದವರಿಗೂ ಆಗ ವಾರ್ಡಿನ ಗಡಿ ಬಾಯಿಪಾಠವಾಯಿತು. ಗುರುತಿನವರ ಔಟ್‌ಹೌಸುಗಳಲ್ಲಿ, ಕಾಗದದ ಮೇಲೆ, ಸಂಸಾರಗಳು ಹೂಡಿದವು. 2019ರಲ್ಲಿ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯ ಆ ಸೀಟು ಇಲ್ಲವೆಂದು ರಾಜ್ಯದ ನಿಯಮ ಬದಲಾಯಿತು, ಹೈಕೋರ್ಟೂ ಒಪ್ಪಿತು; ಕಾಗದದ ಸಂಸಾರಗಳು ಬರಖಾಸ್ತಾದವು. ಈಗ ಉಳಿದಿರುವುದು ಟ್ರಾಫಿಕ್ಕಿನ ಗೆರೆ. ವರ್ತೂರು, ಸರ್ಜಾಪುರದ ಕಡೆ ಬಿಲ್ಡರುಗಳು ‘ಇಂಟರ್‌ನ್ಯಾಷನಲ್ ಶಾಲೆಗೆ ಐದೇ ನಿಮಿಷ’ ಎಂದು ಹೋರ್ಡಿಂಗು ಹಾಕುತ್ತಾರೆ. ಆ ಐದು ನಿಮಿಷವನ್ನು ಯಾವ ಭಾನುವಾರದ ನಸುಕಿನಲ್ಲಿ ಅಳೆದರೋ, ಶಾಲೆಯ ವ್ಯಾನಿನ ಡ್ರೈವರಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ.

ಇಷ್ಟೆಲ್ಲ ಗದ್ದಲವಿಲ್ಲದೆ ಈ ವಿದ್ಯೆಯನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವುದು ಧಾರವಾಡ. ನವಲಗುಂದ, ರೋಣ, ಬಾದಾಮಿ ಕಡೆಯ ಹಳ್ಳಿಗಳಲ್ಲಿ ‘ಸಾಲಿ ಸಲುವಾಗಿ ಧಾರವಾಡದಾಗ ಮನಿ ಮಾಡ್ಯಾರ’ ಎಂದರೆ ಯಾರೂ ವಿವರ ಕೇಳುವುದಿಲ್ಲ. ಅವ್ವ ಮಕ್ಕಳನ್ನು ಕಟ್ಟಿಕೊಂಡು ಮಾಳಮಡ್ಡಿಯಲ್ಲೋ ಸಪ್ತಾಪುರದಲ್ಲೋ ಎರಡು ಖೋಲಿಯ ಬಾಡಿಗೆ ಮನೆಯಲ್ಲಿ. ಅಪ್ಪ ಊರಲ್ಲಿ ಹೊಲ-ಎತ್ತು ನೋಡಿಕೊಂಡು. ತಿಂಗಳಿಗೊಮ್ಮೆ ಬಸ್ಸಿನ ಮೇಲೆ ಜೋಳದ ಚೀಲ. ಇಲ್ಲಿ ರೇಟಿಂಗ್ ನೋಡುವವರು ಬಾಡಿಗೆದಾರರಲ್ಲ, ಮನೆ ಮಾಲಕಿ. ಖೋಲಿ ಕೇಳಲು ಬಂದವರನ್ನು ಅಂಗಳದಲ್ಲೇ ನಿಲ್ಲಿಸಿ ಆಕೆ ಮೊದಲು ಹುಡುಗನನ್ನು ಅಡಿಯಿಂದ ಮುಡಿತನಕ ನೋಡುತ್ತಾಳೆ.

‘ಎಷ್ಟನೇತ್ತಾ ಇದ್ದಾನ್ರೀ ನಿಮ್ಮ ಹುಡುಗಾ?’

‘ಹತ್ತನೇತ್ತಾ ರೀ, ಯಕ್ಕಾರ.’

‘ಹಂಗಾರ ಒಂದ ವರ್ಷಕ್ಕ ಖಾಲಿ ಮಾಡ್ತೀರೇನ? ಎಂಟನೇತ್ತಾದವ್ರು ಒಬ್ರು ಮುಂಜಾನೆ ಕೇಳಿ ಹೋಗ್ಯಾರ. ಪಿಯುಸಿ ತನಕಾ ಐದ ವರ್ಷ ಇರ್ತೇವಿ ಅಂದಾರ.’

‘ಇವನ ತಂಗಿ ಅದಾಳ್ರೀ, ಆರನೇತ್ತಾ.’

‘ಅದನ್ನ ಮೊದಲ ಹೇಳಬಾರದೇನವಾ, ಒಳಗ ಬಾ. ಚಾ ಕುಡೀತಿಯೋ, ಬರೇ ಖೋಲಿ ನೋಡ್ತಿಯೋ?’