ಮನೆಗಣಕದ ಕಾಲ, ಮತ ಮತ್ತು ದೇಶ ವಿಚಾರ

ಪ್ರಾಚೀನ ಕವಿಗಳ ಕಾಲ, ಮತ, ದೇಶಗಳ ಬಗ್ಗೆ ನಮ್ಮ ವಿದ್ವಾಂಸರು ಬೇಕಾದಷ್ಟು ಜಗಳವಾಡಿದ್ದಾರೆ. ಆದರೆ ನಮ್ಮ ಮನೆಯ ಟೀವಿ ಹಿಂದೆ ಧೂಳು ಹೊದ್ದು ಕುಳಿತಿರುವ, ಅಂಗೈಯಷ್ಟೇ ಅಗಲದ ರಾಸ್ಪ್‌ಬೆರಿ ಪೈ ಬಗ್ಗೆ ಇದುವರೆಗೆ ಯಾರೂ ಲೇಖನಿ ಎತ್ತಿಲ್ಲ. ಆ ಕೊರತೆ ತುಂಬುವ ಅಲ್ಪ ಪ್ರಯತ್ನವಿದು.

ಕಾಲನಿರ್ಣಯ ಸುಲಭ. ಈ ಕುಲದ ಗಣಕಗಳು ಮಾರಾಟಕ್ಕೆ ಬಂದದ್ದೇ 2012ರಲ್ಲಿ. ನಮ್ಮದು ಅದಕ್ಕೂ ಹಿಂದಿನದಾಗಿರಲಾರದು. ಮತ: ಲಿನಕ್ಸ್. ವಿವಾದವಿಲ್ಲ. ತೊಡಕಿರುವುದೆಲ್ಲ ದೇಶದ, ಅಂದರೆ ಜಾಲದಲ್ಲಿ ಅದರ ವಿಳಾಸದ, ವಿಷಯದಲ್ಲಿ.

ಹೆಸರು ಬೇರೆ, ವಿಳಾಸ ಬೇರೆ ಎಂಬ ದ್ವೈತವನ್ನು ಮೊದಲು ಒಪ್ಪಬೇಕು. ಆದಿಯಲ್ಲಿ ಜಾಲದ ಗಣಕಗಳ ಹೆಸರು, ಅಂಕಿಗಳೆಲ್ಲ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯದಲ್ಲಿ ಎಲಿಜಬೆತ್ ಫೈನ್ಲರ್ ಅವರ ಬಳಗ ಶಾನುಭೋಗಿಕೆ ನಡೆಸುತ್ತಿತ್ತು. ಊರು ಬೆಳೆಯಿತು, ಒಂದೇ ಖಾತೆಪುಸ್ತಕ ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ಎಂಬ ಶಾಸ್ತ್ರ ರಚಿಸಿದರು. ಇದರಲ್ಲಿನ ಬಹುಪಾಲು ಮಾಹಿತಿ ಬಲು ನಿಧಾನವಾಗಿ ಬದಲಾಗುತ್ತದೆ ಎಂದು ಅವರ 1987ರ ಗ್ರಂಥ ನಂಬುತ್ತದೆ. ನಮ್ಮ ಬಡಾವಣೆಯ ಕರೆಂಟ್ ವಿಚಾರ ಗ್ರಂಥಕರ್ತರಿಗೆ ತಿಳಿದಿರಲಿಲ್ಲವೆಂದು ಇದರಿಂದ ಸಿದ್ಧವಾಗುತ್ತದೆ. ಇಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ರೌಟರ್‌ಗೆ ಹೊಸ ವಿಳಾಸ.

ಪೂರ್ವಪಕ್ಷ (ನನ್ನ ಹೆಂಡತಿ): ‘ದುಡ್ಡು ಕೊಟ್ಟು ಖಾಯಂ ವಿಳಾಸ ತಗೊಳ್ಳಬಾರದೇ?’ ಉತ್ತರ: ಹಳೆಯ ಮಾದರಿಯ ವಿಳಾಸಗಳಿರುವುದೇ ಸುಮಾರು 429 ಕೋಟಿ; ಅವುಗಳ ಕೇಂದ್ರ ಕಣಜ 2011ರ ಫೆಬ್ರುವರಿಯಲ್ಲೇ ಬರಿದಾಯಿತು. ಉಳಿದದ್ದಕ್ಕೆ ತಿಂಗಳ ಬಾಡಿಗೆ. ಬಾಡಿಗೆ ಕೊಟ್ಟು ಪಡೆದ ಜ್ಞಾನ ಜ್ಞಾನವಲ್ಲ.

ಆದ್ದರಿಂದ ಡೈನಮಿಕ್ ಡಿಎನ್‌ಎಸ್. ಡಿಡಿಕ್ಲೈಂಟ್ ಎಂಬ ಪರ್ಲ್ ಭಾಷೆಯ ಕೃತಿಯನ್ನು ಪೈಯಲ್ಲಿ ಪ್ರತಿಷ್ಠಾಪಿಸಿದೆ. ಅದು ಐದು ನಿಮಿಷಕ್ಕೊಮ್ಮೆ ಹೊರಗಿನವರನ್ನು ‘ನಾನೆಲ್ಲಿದ್ದೇನೆ?’ ಎಂದು ಕೇಳುತ್ತದೆ. ಉತ್ತರ ಬದಲಾಗಿದ್ದರೆ ಹೆಸರಿನ ಮುಂದೆ ಹೊಸ ಅಂಕಿ ಬರೆಸುತ್ತದೆ. (‘ನಾನು ಯಾರು?’ ಎಂದು ಕೇಳುವವರು ನಮ್ಮಲ್ಲಿ ಹಿಂದೆಯೂ ಇದ್ದರು. ಅವರಿಗೆ ಐದು ನಿಮಿಷದ ಗಡುವಿರಲಿಲ್ಲ.) ಉದ್ದೇಶ ಘನವಾದದ್ದೇ: ಪೈಯಲ್ಲಿರುವ ಮನೆಯ ಫೋಟೊಗಳನ್ನು ಶಿವಮೊಗ್ಗದ ಅಕ್ಕ ಅಲ್ಲಿಂದಲೇ ನೋಡಬೇಕು.

ಇನ್ನು ಶಾಸನಾಧಾರ. ಲಾಗ್ ಕಡತವನ್ನು ಓದುವಾಗ ರಾತ್ರಿ ಹತ್ತರಿಂದ ಬೆಳಗಿನ ಐದೂವರೆಯವರೆಗೆ ಪ್ರತಿದಿನವೂ ಪಾಠ ಲುಪ್ತವಾಗಿರುವುದು ಕಂಡುಬಂತು. ಎಸ್‌ಡಿ ಕಾರ್ಡ್ ಕೆಟ್ಟಿದೆ ಎಂಬುದು ಒಂದು ಪಂಥ. ಹೊತ್ತು ಹೊತ್ತಿಗೆ ಕೆಲಸ ಹಚ್ಚುವ ಕ್ರಾನ್ ಸಾಲಿನಲ್ಲಿ ಲಿಪಿಕಾರ ದೋಷವಿದೆ ಎಂಬುದು ಇನ್ನೊಂದು. ಎರಡೂ ಪಂಥಗಳಿಗೆ ಸೇರಿದವನು ನಾನೊಬ್ಬನೇ. ಎರಡು ವಾರ ವಾದ ನಡೆಯಿತು. ಕೊನೆಗೆ ಅಮ್ಮನೇ ಹೇಳಿದಳು: ‘ರಾತ್ರಿಯೆಲ್ಲ ಮಿಣಮಿಣ ಅಂತಿರತ್ತೆ, ಕರೆಂಟ್ ದಂಡ ಅಂತ ನಾನೇ ಆರಿಸ್ತೀನಿ ಕಣೋ.’

ಲುಪ್ತಭಾಗ ತುಂಬಿತು, ಫೋಟೊ ಮಾತ್ರ ಕಾಣಲಿಲ್ಲ. ರೌಟರ್‌ನಲ್ಲಿ ಪೋರ್ಟ್ ತೆರೆದಿದ್ದೆ, ಹೆಸರಿನ ಮುಂದಿನ ಅಂಕಿಯೂ ಸರಿಯಿತ್ತು. ಅಕ್ಕನ ಫೋನಿನಲ್ಲಿ ಬಿಳಿಪರದೆ. ಆಗ ರೌಟರ್‌ನ ಪುಟ ತೆರೆದು ಅದರ ಸ್ವಂತ ವಿಳಾಸ ನೋಡಿದೆ: 100.72ರಿಂದ ಶುರು. 100.64ರಿಂದ 100.127ರವರೆಗಿನ ಅಂಕಿಗಳನ್ನು 2012ರಲ್ಲಿ ಸೇವಾದಾರರ ಒಳಬಳಕೆಗೆಂದೇ ಎತ್ತಿಟ್ಟಿದ್ದಾರೆ. ಕನ್ನಡದಲ್ಲಿ ಹೇಳುವುದಾದರೆ, ವಠಾರ. ಎಷ್ಟೋ ಮನೆಗಳಿಗೆ ಹೊರಗೆ ಒಂದೇ ಬಾಗಿಲ ನಂಬರು. ಮೂರು ತಿಂಗಳಿಂದ ನನ್ನ ಪೈ ನಿಷ್ಠೆಯಿಂದ ಜಗತ್ತಿಗೆ ಸಾರುತ್ತಿದ್ದದ್ದು ವಠಾರದ ಗೇಟಿನ ವಿಳಾಸ! ಗೇಟು ಬಡಿದವರಿಗೆ ಯಾವ ಮನೆ ಎಂದು ಹೇಳುವವರಿಲ್ಲ.

ಸಿದ್ಧಾಂತ: ಹೊಸ ಮಾದರಿಯ ವಿಳಾಸ, ಐಪಿವಿ6. ಅಲ್ಲಿ ವಿಳಾಸ 128 ಬಿಟ್ ಉದ್ದ, ವಠಾರದ ಗೊಡವೆಯಿಲ್ಲ. ಪೈಗೇ ಸ್ವಂತ ಬಾಗಿಲು. ಹೆಸರಿಗೆ ಹಳೆಯ ಮಾದರಿಯ ‘ಎ’ ದಾಖಲೆಯ ಬದಲು ಹೊಸ ಮಾದರಿಯ ‘ನಾಲ್ಕು ಎ’ ದಾಖಲೆ ಬರೆಸಿ, ರೌಟರ್‌ನ ಕಾವಲುಗಾರನಿಗೆ ವಿಷಯ ತಿಳಿಸಿದೆ. ನನ್ನ ಮೊಬೈಲಿನ ಡೇಟಾದಲ್ಲಿ ಫೋಟೊ ಬಂದೇಬಿಟ್ಟಿತು.

ಪ್ರಬಂಧ ಮಂಡನೆಗೆಂದು ಕಳೆದ ಭಾನುವಾರ ಮನೆಮಂದಿಯೆಲ್ಲ ಶಿವಮೊಗ್ಗಕ್ಕೆ ಹೋದೆವು. ಊಟವಾದ ಮೇಲೆ, ಭಾವನ ಅಧ್ಯಕ್ಷತೆಯಲ್ಲಿ, ಹೆಸರನ್ನು ಒತ್ತಿದೆ. ಬಿಳಿಪರದೆ. ಮತ್ತೆ ಒತ್ತಿದೆ. ಅಮ್ಮ ಎಲೆಗೆ ಸುಣ್ಣ ಸವರುತ್ತ ಸಮಾಧಾನದಿಂದ ಹೇಳಿದಳು: ‘ಮನೆ ಬಗ್ಗೆ ಯೋಚ್ನೆ ಮಾಡ್ಬೇಡವೋ, ಹೊರಡುವಾಗ ಎಲ್ಲಾ ಸ್ವಿಚ್ಚೂ ಆರಿಸಿದೀನಿ.’