ಡಿಸೆಂಬರಿನ ಒಳ್ಳೆತನ

ನಮ್ಮ ಸಾತನೂರು ಕಡೆ ಡಿಸೆಂಬರಿನಲ್ಲಿ ಒಳ್ಳೆಯವನಾಗಿರಲು ಕ್ರೈಸ್ತನೇ ಆಗಬೇಕಿಲ್ಲ. ರಾಗಿ ಕೊಯ್ಲಾಗಿ ಮೆದೆ ಒಟ್ಟಿರುತ್ತದೆ, ಮನೆಮನೆಯಲ್ಲೂ ಹಿತಕವರೆ ಸಾರು ಕುದಿಯುತ್ತಿರುತ್ತದೆ. ಹೊಟ್ಟೆ ತುಂಬಿದವನಿಗೆ ಹಗೆ ಸಾಧಿಸಲೂ ಬೇಸರ. ಅಂಥ ತಿಂಗಳಲ್ಲಿ ಗೋದಲಿ ಕಟ್ಟಿ, ಪಕ್ಕದ ಹೊಲದಣ್ಣನ ಮನೆಗೂ ಒಂದು ತಟ್ಟೆ ಕೇಕು, ಕಜ್ಜಾಯ ಕಳಿಸಿ, ಶತ್ರುವನ್ನೂ ಪ್ರೀತಿಸಿಬಿಟ್ಟೆನೆಂದು ನಾನು ಬೀಗುವುದುಂಟು. ತಟ್ಟೆ ಮಾತ್ರ ವಾಪಸು ಬರುವುದಿಲ್ಲ.

ಹಬ್ಬ ಜುಲೈನಲ್ಲಿ ಬಂದಿದ್ದರೆ ಗೊತ್ತಾಗುತ್ತಿತ್ತು. ಮಳೆ ಬಿದ್ದು ಉಳುಮೆ ಶುರುವಾದರೆ ಅಣ್ಣನ ಟಿಲ್ಲರ್ ಪ್ರತಿವರ್ಷ ನಮ್ಮ ಬದುವನ್ನು ಒಂದು ಸಾಲಿನಷ್ಟು ಮೆಲ್ಲುತ್ತದೆ. ಕೇಳಿದರೆ, “ಕಬ್ಬಾಳಮ್ಮನಾಣೆ ನಾನು ಮುಟ್ಟಿಲ್ಲ ಕಣೋ ತಮ್ಮ, ಮಳೆಗೆ ಕೊಚ್ಕೊಂಡೋಗದೆ.” ಕಬ್ಬಾಳು ಇಲ್ಲೇ ಹತ್ತಿರ, ಅಮ್ಮನ ಹೆಸರೆತ್ತಿದ ಮೇಲೆ ನ್ಯಾಯ ಹೇಳಲು ಬಂದ ಹಿರಿಯರು ಪಂಚೆ ಕೊಡವಿಕೊಂಡು ಎದ್ದರು. ನಾನು ಎದುರಾಣೆ ಇಡುವಂತಿಲ್ಲ. ಶತ್ರುವನ್ನು ಪ್ರೀತಿಸು ಎಂದಿರುವ ಮತ್ತಾಯನ ಐದನೇ ಅಧ್ಯಾಯದಲ್ಲೇ ಆಣೆ ಇಡಬೇಡ ಎಂದೂ ಇದೆ. ಎರಡೂ ಕೈ ಕಟ್ಟಿಹಾಕುವ ಅಧ್ಯಾಯ!

ಬದು ಹೋದರೆ ಹೋಗಲಿ, ಹುಳ ಹೋದರೆ? ನಮ್ಮದು ರೇಷ್ಮೆಯ ಮನೆ. ಹುಳ ನಾಲ್ಕು ಜ್ವರ, ಅಂದರೆ ಪೊರೆ ಕಳಚುವ ಸರದಿ, ದಾಟಬೇಕು. ನಾಲ್ಕನೆಯದು ಮುಗಿಸಿ ಎದ್ದಿತೆಂದರೆ ಹಗಲಿರುಳು ಮೇಯುತ್ತದೆ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ನೂರಕ್ಕೆ 80 ಪಾಲು ಹೆಚ್ಚುಕಡಿಮೆ ಆ ಒಂದು ವಾರದಲ್ಲೇ ಖಾಲಿ. ಸರಿಯಾಗಿ ಆಗಲೇ ಅಣ್ಣನಿಗೆ ಟೊಮೆಟೊಗೆ ಔಷಧಿ ಹೊಡೆಯಬೇಕೆನಿಸುತ್ತದೆ. ಗಾಳಿಯಲ್ಲಿ ತೇಲಿ ಬಂದ ಔಷಧಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ, ರಾಮನಗರದ ಮಾರುಕಟ್ಟೆಗೆ ಒಯ್ಯಲು ಗೂಡೇ ಇರುವುದಿಲ್ಲ.

ಪಾಪನಿವೇದನೆಗೆ ಹೋಗಿ ಅಣ್ಣನ ಪಾಪಗಳನ್ನೆಲ್ಲ ಒಪ್ಪಿಸಿದೆ. “ಈಗ ನಿಮ್ಮದು ಹೇಳಿ,” ಅಂದರು ಫಾದರ್. ಎಷ್ಟು ಸಲ ಕ್ಷಮಿಸಬೇಕು ಎಂದು ಕೇಳೋಣವೆಂದರೆ, ಆ ಪ್ರಶ್ನೆಯನ್ನು ಪೇತ್ರ ಆಗಲೇ ಯೇಸುವಿನ ಬಳಿ ಕೇಳಿ ಕೆಡಿಸಿದ್ದಾನೆ. ಏಳು ಸಲ ಸಾಕೇ ಎಂದವನಿಗೆ ಸಿಕ್ಕ ಉತ್ತರ ಎಪ್ಪತ್ತರ ಏಳರಷ್ಟು. ಮನೆಯವಳು ಗುಣಿಸಿದಳು: 490. ಬದುವಿಗೆ ಒಂದು, ಹುಳದ ಬೆಳೆಗೆ ಐದು, ವರ್ಷಕ್ಕೆ ಆರರಂತೆ ಹಿಡಿದರೂ 81 ವರ್ಷ ದಾಟುತ್ತದೆ. “ಅಷ್ಟೊತ್ತಿಗೆ ಬದು ನಮ್ಮ ಅಡುಗೆಮನೆಗೆ ಬಂದಿರ್ತದೆ,” ಅಂದಳು.

ಹಾರೋಬೆಲೆಯ ಕಪಾಲಬೆಟ್ಟವನ್ನು ಶುಭ ಶುಕ್ರವಾರದ ಬಿಸಿಲಲ್ಲಿ ಹತ್ತಿಬಿಡಬಹುದು. ಅಣ್ಣನ ಜಗುಲಿ ಹತ್ತುವುದು ಕಷ್ಟ. ಆದರೂ ಈಗೀಗ ಚಾಕಿಯ ಎಳೆಹುಳ ತಂದ ದಿನವೇ ಹೋಗಿ, ಅವನು ಕೊಡುವ ನೀರುಕಾಫಿ ಕುಡಿದು, “ಹುಳ ಬಂದವೆ ಕಣಣ್ಣ, ಔಷಧಿ ಹೊಡೆಯೋ ಮುಂಚೆ ಒಂದು ಮಾತು ಹೇಳು,” ಅಂತ ಹೇಳಿ ಬರುತ್ತೇನೆ. ಅವನೇನೂ ಪುಣ್ಯಾತ್ಮನಾಗಿಲ್ಲ. ಬದುವಿನ ಮಾತು ಬಂದರೆ ಇನ್ನೂ ಮಳೆಯನ್ನೇ ದೂರುತ್ತಾನೆ. ಆದರೆ ಹೊಡೆಯುವ ಹಿಂದಿನ ಸಂಜೆ ಒಂದು ಕೂಗು ಹಾಕುತ್ತಾನೆ, ನಾವು ಸೊಪ್ಪು ಕೊಯ್ದಿಟ್ಟುಕೊಳ್ಳುತ್ತೇವೆ. ಆ ಕೂಗಿಗೆ ಬದಲಾಗಿ, ಹುಳ ತಿಂದು ಬಿಟ್ಟ ಸೊಪ್ಪು ತನ್ನ ಹಸುವಿಗೆ ಸೇರತಕ್ಕದ್ದೆಂದು ತಾನೇ ತೀರ್ಮಾನಿಸಿಕೊಂಡಿದ್ದಾನೆ. ಮೊನ್ನೆ ನಾನೇ ಹೊತ್ತುಕೊಂಡು ಹೋಗಿ ಹಾಕಿದೆ. ಹಸುವಿಗಿಂತ ಮೊದಲು ಅವನೇ ಮೂಸಿ ನೋಡಿ, “ಬಾಡೋಗದೆ ಕಣೋ ತಮ್ಮ, ನಾಳೆಯಿಂದ ಬೆಳಿಗ್ಗೇನೇ ತಂದಾಕು,” ಅಂದ.