ಫಾರ್ಮ್ಯಾಟ್ ಮಾಡಲೇ?

ಬಾರಾಮತಿಯಲ್ಲಿ ಮದುವೆ, ಬೀಗರು ವಿಜಯಪುರದವರು ಎಂದಿಟ್ಟುಕೊಳ್ಳಿ. ಲಿನಕ್ಸ್ ಭಕ್ತನಾದ ವರನ ತಮ್ಮ ಇಡೀ ವಿಡಿಯೊವನ್ನು ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯ ಹಾರ್ಡ್ ಡಿಸ್ಕಿಗೆ ತುಂಬಿ ಕೊಡುತ್ತಾನೆ. ವಧುವಿನ ಕಾಕಾ ಅದನ್ನು ವಿಂಡೋಸ್‌ಗೆ ಚುಚ್ಚಿದರೆ, ‘ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂಬ ವಿನಯದ ಪ್ರಶ್ನೆ ಬಂದೀತು.

“ತಮ್ಮಾ, ಹೂಂ ಅಂತ ಒತ್ತಲೇನು?”

“ಕಾಕಾ, ಮೊದಲ ಕೈ ತಗೀರಿ!”

ಡಿಸ್ಕ್ ಕೆಟ್ಟಿಲ್ಲ, ವಿಂಡೋಸ್‌ನ ತಿರುಳಾದ ಕರ್ನಲ್‌ಗೆ ಆ ಫೈಲ್ ವ್ಯವಸ್ಥೆ ಗೊತ್ತಿಲ್ಲ, ಅಷ್ಟೆ. ಮ್ಯಾಕ್‌ನದು ಇನ್ನೊಂದು ಬಿಗುಮಾನ: ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆ, ಬರೆಯಲು ಮಾತ್ರ ಒಲ್ಲೆ ಎನ್ನುತ್ತದೆ.

ಲಿನಕ್ಸ್ ಈ ಪೇಚಿಗೆ ದುಭಾಷಿಯನ್ನು ಇಟ್ಟುಕೊಂಡಿತು. 2005ರಲ್ಲಿ 2.6.14 ಕರ್ನಲ್ಲಿಗೆ ಸೇರಿದ ಫ್ಯೂಸ್, ಫೈಲ್ ಕೇಳಿದ ಕೂಡಲೇ ಬೇಡಿಕೆಯನ್ನು ಕರ್ನಲ್ಲಿನ ಹೊರಗಿರುವ ಸಾಮಾನ್ಯ ಪ್ರೋಗ್ರಾಮಿಗೆ ದಾಟಿಸುತ್ತದೆ. ಎನ್‌ಟಿಎಫ್‌ಎಸ್ ಡಿಸ್ಕ್ ತೆರೆಯುವ ಎನ್‌ಟಿಎಫ್‌ಎಸ್-3ಜಿ ದುಡಿಯುವುದು ಹೀಗೆಯೇ. ಓಡಾಟ ಹೆಚ್ಚಾದ್ದರಿಂದ ವೇಗ ತುಸು ಕಡಿಮೆ. ಆದರೆ ಆ ಪ್ರೋಗ್ರಾಂ ಮುಗ್ಗರಿಸಿದರೆ ಸಾಮಾನ್ಯವಾಗಿ ಇಡೀ ಯಂತ್ರ ಮಲಗುವುದಿಲ್ಲ. ಪ್ಯಾರಾಗಾನ್ ಕಂಪನಿಯ ಎನ್‌ಟಿಎಫ್‌ಎಸ್3 ಡ್ರೈವರ್ ಕರ್ನಲ್ಲಿನ ಒಳಗೇ ಬಂದದ್ದು 2021ರಲ್ಲಿ, 5.15ರ ಜೊತೆಗೆ.

ಕಾಕಾನಿಗೂ ದಾರಿಯುಂಟು. ಡಬ್ಲ್ಯೂಎಸ್‌ಎಲ್2 ಹಾಕಿಕೊಂಡರೆ ವಿಂಡೋಸ್ ತನ್ನ ಹೊಟ್ಟೆಯಲ್ಲೇ ನಿಜವಾದ ಲಿನಕ್ಸ್ ಕರ್ನಲ್ ಓಡಿಸಿ, ಅದರ ಕೈಯಲ್ಲಿ ಡಿಸ್ಕ್ ತೆರೆಸುತ್ತದೆ. ತಾಳಿ ಕಟ್ಟುವುದನ್ನು ನೋಡಲು ಇಷ್ಟು ಆಡಂಬರ!

ಮೊದಲೇ ಎಕ್ಸ್‌ಫ್ಯಾಟ್ ಎಂಬ ಫೈಲ್ ವ್ಯವಸ್ಥೆ ಬಳಸಿದ್ದರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂವರಿಗೂ ತಿಳಿಯುತ್ತಿತ್ತು. ಮೈಕ್ರೋಸಾಫ್ಟ್ ಅದರ ವಿವರಗಳನ್ನು 2019ರಲ್ಲಿ ಬಿಚ್ಚಿಟ್ಟಿತು. ಮರುವರ್ಷ ಸ್ಯಾಮ್ಸಂಗ್‌ನ ಡ್ರೈವರ್ ಲಿನಕ್ಸ್ 5.7ಕ್ಕೆ ಬಂತು. ಹಳೆಯ ಫ್ಯಾಟ್32 ಎಲ್ಲರಿಗೂ ಪರಿಚಿತವೇ, ಆದರೆ ಒಂದು ಫೈಲಿಗೆ 4 ಜಿಬಿ ಮಿತಿ. ಊಟದ ಪಂಕ್ತಿಯ ವಿಡಿಯೊ ಒಂದೇ ಅದನ್ನು ದಾಟೀತು.